ಹಡಗುಗಳನ್ನು ಹಸಿರಾಗಿಸುವ ಕೈಪಿಡಿ (ಕೊಡಂಗಲ್ ಆವೃತ್ತಿ)

ಅಭಿನಂದನೆಗಳು. ಕಡಲ ಸಾರಿಗೆಯನ್ನು ಪರಿಸರಸ್ನೇಹಿ ಮಾಡುವ, ಅದೂ ಜರೂರಾಗಿ ಮಾಡುವ ಕೆಲಸಕ್ಕೆ ತಾವು ಕೈಹಾಕಿದ್ದೀರಿ. ಕೊಡಂಗಲ್‌ನಲ್ಲಿ ಸಮುದ್ರವಿಲ್ಲವೆಂದು ಹಿಂಜರಿಯಬೇಡಿ. ಈ ವಿಷಯದ ಸಭೆಗಳು ನಡೆಯುವ ಎಸಿ ಹಾಲ್‌ಗಳಲ್ಲೂ ಸಮುದ್ರ ಇರುವುದಿಲ್ಲ.

ಬೇಕಾಗುವ ಸಾಮಾನು: ಬ್ಯಾನರ್ ಒಂದು, ಸಮಿತಿ ಎರಡು (ಒಂದರ ವರದಿಯನ್ನು ಇನ್ನೊಂದು ಪರಿಶೀಲಿಸಲು), ಶಾಲು ಮತ್ತು ಹಾರ ಸಾಕಷ್ಟು. ಹಡಗು ಇದ್ದರೆ ಆಯಿತು, ಇಲ್ಲದಿದ್ದರೂ ನಡೆಯುತ್ತದೆ.

ಹಂತ 1: ಗುರಿಯನ್ನು ದೂರ ಇಡಿ. ಅಂತರರಾಷ್ಟ್ರೀಯ ಕಡಲ ಸಂಸ್ಥೆ 2023ರಲ್ಲಿ, 2050ರ ಸುಮಾರಿಗೆ ಹಡಗುಗಳ ಇಂಗಾಲದ ಲೆಕ್ಕವನ್ನು ಸೊನ್ನೆಗೆ ತರುವುದೆಂದು ನಿರ್ಧರಿಸಿತು. ಅಷ್ಟರಲ್ಲಿ ಚಪ್ಪಾಳೆ ತಟ್ಟಿದವರ ಪಿಂಚಣಿ ಶುರುವಾಗಿರುತ್ತದೆ.

ಹಂತ 2: ದುಡ್ಡಿನ ಮಾತು ಬಂದ ಕೂಡಲೇ ಮುಂದೂಡಿ. ಹೊಗೆಗೆ ದರ ಕಟ್ಟುವ ನಿಯಮಕ್ಕೆ 2025ರ ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ ಅದೇ ಸಂಸ್ಥೆಯ ಒಪ್ಪಿಗೆ ಸಿಕ್ಕಿತ್ತು. ಅಕ್ಟೋಬರ್‌ನಲ್ಲಿ ಅಂಗೀಕರಿಸಬೇಕಾದಾಗ 57–49 ಮತಗಳಿಂದ ಒಂದು ವರ್ಷ ಮುಂದೆ ಹೋಯಿತು. ಮುಂದೂಡುವುದಕ್ಕೂ ಮತ ಹಾಕುವ ಈ ಶಿಸ್ತನ್ನು ನಮ್ಮ ಪಂಚಾಯಿತಿಗಳು ಕಲಿಯಬೇಕು.

ಹಂತ 3: ಅಧ್ಯಯನ ಪ್ರವಾಸ ಕೈಗೊಳ್ಳಿ. ಮಕ್ತಲ್ ಕಡೆಯ ಪಂಚದೇವ ಪಹಾಡಕ್ಕೆ ಹೋಗಿ. ಅಲ್ಲಿಂದ ಕೃಷ್ಣೆಯ ನಡುಗಡ್ಡೆಯಲ್ಲಿರುವ ಕುರವಪುರಕ್ಕೆ, ಶ್ರೀಪಾದ ಶ್ರೀವಲ್ಲಭರ ದರ್ಶನಕ್ಕೆ, ಹರಿಗೋಲು ಸಿಕ್ಕರೆ ಅದನ್ನೇ ಹತ್ತಿ. ಬಿದಿರಿನ ಹೆಣಿಗೆ, ಡಾಂಬರು ಬಳಿದ ಹೊದಿಕೆ, ಒಂದೇ ಹುಟ್ಟು. ಅಂಬಿಗ ಹುಟ್ಟು ಹಾಕಿದರೆ ಹರಿಗೋಲು ಮೊದಲು ಅರ್ಧ ಸುತ್ತು ತಿರುಗುತ್ತದೆ, ಆಮೇಲೆ ಮುಂದೆ ಸಾಗುತ್ತದೆ. ಹೊಗೆ ಸೊನ್ನೆ. ವರದಿಯಲ್ಲಿ ಇದನ್ನು ಬರೆಯಬೇಡಿ. ಇದಕ್ಕೆ ಯಾರೂ ಅನುದಾನ ಕೊಡುವುದಿಲ್ಲ.

ಹಂತ 4: ಆಗಲೇ ಆಗಿರುವುದನ್ನು ನೋಡಬೇಡಿ. ಕೇರಳದ ವೈಕಂನಲ್ಲಿ 75 ಜನ ಕೂರುವ ಸೌರ ದೋಣಿ ‘ಆದಿತ್ಯ’ 2017ರಿಂದ ಓಡುತ್ತಿದೆ. ನಮ್ಮ ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್, ನಾರ್ವೆಯ ವಿಲ್ಸನ್ ಕಂಪನಿಗೆ 3,800 ಟನ್ ಸಾಮರ್ಥ್ಯದ ಡೀಸೆಲ್-ಎಲೆಕ್ಟ್ರಿಕ್ ಸರಕು ಹಡಗುಗಳನ್ನು ಕಟ್ಟುವ ಗುತ್ತಿಗೆ ಹಿಡಿದಿದೆ. ಇವೆಲ್ಲ ಗೊತ್ತಾದರೆ ಸಮಿತಿಯ ಎರಡನೇ ಸಭೆಗೆ ಕೋರಂ ಆಗುವುದು ಕಷ್ಟ.

ಎಚ್ಚರಿಕೆ: ಹಡಗಿನ ವೇಗವನ್ನು ನೂರಕ್ಕೆ ಹತ್ತರಷ್ಟು ಇಳಿಸಿದರೆ ಎಂಜಿನ್‌ಗೆ ಬೇಕಾದ ಶಕ್ತಿ ಸುಮಾರು ನಾಲ್ಕನೇ ಒಂದು ಭಾಗ ತಗ್ಗುತ್ತದೆ. ತಲುಪಲು ಹೆಚ್ಚು ಹೊತ್ತು ಹಿಡಿದರೂ ಅದೇ ದಾರಿಗೆ ಐದನೇ ಒಂದು ಭಾಗದಷ್ಟು ಎಣ್ಣೆ ಉಳಿಯುತ್ತದೆ. ಆದರೂ ಎಷ್ಟೋ ಹಡಗುಗಳು ದಡಬಡ ಓಡಿಬಂದು, ಬಂದರಿನ ಹೊರಗೆ ಲಂಗರು ಹಾಕಿ ದಿನಗಟ್ಟಲೆ ಸರದಿ ಕಾಯುತ್ತವೆ. ಮೊದಲು ಮುಟ್ಟಿದವರಿಗೆ ಮೊದಲ ಸರದಿ. ಬಾಡಿಗೆ ಕರಾರಿನಲ್ಲೂ ‘ಸಾಧ್ಯವಾದಷ್ಟು ಬೇಗ’ ಎಂದೇ ಬರೆದಿರುತ್ತದೆ. ಇದನ್ನು ಸರಿಪಡಿಸಲು ಹೊಸ ಯಂತ್ರ ಬೇಡ, ಸರದಿಯ ಪದ್ಧತಿ ಮತ್ತು ಕರಾರು ತಿದ್ದಿದರೆ ಆಯಿತು. ಆದರೆ ತಿದ್ದಿದ ಕಾಗದಕ್ಕೆ ರಿಬ್ಬನ್ ಕಟ್ಟಿ ಕತ್ತರಿಸಲು ಬರುವುದಿಲ್ಲವಲ್ಲ, ಗುಟ್ಟಾಗಿಯೇ ಇಡಿ.

ದೋಷ ಪರಿಹಾರ: ಸಭೆಯಲ್ಲಿ ಹಿಂದೆ ಕೂತ ರೈತರೊಬ್ಬರು ಎದ್ದು, “ನಮಗೂ ಹಡಗಕ್ಕೂ ಏನ್ ಸಂಬಂಧ ಅದರಿ ಸಾಹೇಬ್ರ?” ಎಂದರೆ ಕೂಡಲೇ ಚಹಾ ತರಿಸಿ. ಚಹಾ ತಡವಾದರೆ ಅವರೇ ಉತ್ತರ ಕಂಡುಕೊಂಡಾರು. ನಮ್ಮ ಪಕ್ಕದ ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಈಚಿನ ವರ್ಷಗಳಲ್ಲಿ ಮೊಜಾಂಬಿಕ್‌ನ ತೊಗರಿ ಸುಂಕವಿಲ್ಲದೆ ಹಿಂದೂ ಮಹಾಸಾಗರ ದಾಟಿ ಬಂದಿದೆ. ಆ ದಾರಿಯಲ್ಲಿ ಹಡಗು ಬಿಟ್ಟ ಹೊಗೆಗೆ ಯಾರೂ ಬಿಲ್ ಹಾಕಿಲ್ಲ. ಲಂಡನ್‌ನಲ್ಲಿ ಮುಂದೂಡಿದ ಬಿಲ್ಲಿನ ಒಂದು ಚೂರನ್ನು, ಮಂಡಿಯಲ್ಲಿ ದರ ಇಳಿದ ದಿನ, ಇಲ್ಲಿನ ತೊಗರಿಯವರೇ ಕಟ್ಟುತ್ತಿದ್ದಾರೆ.

ಗ್ಯಾರಂಟಿ: ಈ ಕೈಪಿಡಿಯಂತೆ ನಡೆದರೆ 2050ರವರೆಗೆ ಯಾವ ಸಮಿತಿಗೂ ಕೆಲಸ ಕಡಿಮೆಯಾಗದು. ತೊಗರಿ ಬೆಳೆಯುವವರಿಗೆ ಈ ಗ್ಯಾರಂಟಿ ಅನ್ವಯಿಸುವುದಿಲ್ಲ.