ಸಮಾನಾರ್ಥಕ ಖಂಡನ: ಹದಿಹರೆಯದವರ ಪದವಿವೇಕ ಕುರಿತ ಮಹಾಪ್ರಬಂಧದ ಸಂಗ್ರಹ

ಅವತರಣಿಕೆ

ಹದಿಮೂರರಿಂದ ಹತ್ತೊಂಬತ್ತರ ನಡುವಿನ ಜೀವಿಗಳಿಗೆ ಮಾತಿನ ಸೂಕ್ಷ್ಮವೇ ತಿಳಿಯದು ಎಂಬ ದೂರು ಶಾಲೆಯ ಸ್ಟಾಫ್‌ರೂಮಿನಲ್ಲೂ ಮನೆಯ ಜಗಲಿಯಲ್ಲೂ ಏಕಕಾಲಕ್ಕೆ ಕೇಳಿಬರುತ್ತಿದೆ. ಆದ್ದರಿಂದ ವಿಷಯವನ್ನು ಶಾಸ್ತ್ರೋಕ್ತವಾಗಿ ಇತ್ಯರ್ಥ ಮಾಡುವ ಭಾರ ಪ್ರಸ್ತುತ ಪ್ರಬಂಧದ ಮೇಲೆ ಬಿದ್ದಿದೆ. ಶಾಸ್ತ್ರಗ್ರಂಥಗಳ ಸಂಪ್ರದಾಯದಂತೆ ಮೊದಲು ಪೂರ್ವಪಕ್ಷ, ಆಮೇಲೆ ಸೂತ್ರ, ಅದರ ಬೆನ್ನಿಗೆ ವೃತ್ತಿ ಮತ್ತು ಪ್ರಯೋಗ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣ ಶಬ್ದಮಣಿದರ್ಪಣವನ್ನು ಕಟ್ಟಿದ್ದೂ ಸೂತ್ರ, ವೃತ್ತಿ, ಪ್ರಯೋಗಗಳಿಂದಲೇ. ಅವನ ಸೂತ್ರಗಳು ಕಂದಪದ್ಯದಲ್ಲಿವೆ. ಪ್ರಸ್ತುತ ಪ್ರಬಂಧಕಾರರಿಗೆ ಕಂದ ಒಲಿಯದ ಕಾರಣ ಗದ್ಯವೇ ಗತಿ.

ಪೂರ್ವಪಕ್ಷ

ಸಮಾನಾರ್ಥಕವಾದಿಗಳ ವಾದ ಸರಳವಾಗಿದೆ. ನೀರು ಎಂದರೆ ಜಲ, ಜಲ ಎಂದರೆ ಉದಕ, ಉದಕ ಎಂದರೆ ವಾರಿ. ನಡುವೆ ಸಮಚಿಹ್ನೆಯ ಎರಡು ಅಡ್ಡಗೆರೆ. ಗಣಿತದ ಪುಸ್ತಕದಿಂದ ಎರವಲು ತಂದದ್ದು, ಇನ್ನೂ ಮರಳಿಸಿಲ್ಲ. ಉರುಹೊಡೆದವರಿಗೆ ಒಂದು ಅಂಕ.

ಈ ವಾದಿಗಳು ತಮ್ಮ ಮೂಲಪುರುಷನೆಂದು ತೋರಿಸುವುದು ಅಮರಸಿಂಹನನ್ನು. ಒಂದೇ ಅರ್ಥದ ಪದಗಳನ್ನು ಗೊಂಚಲು ಗೊಂಚಲಾಗಿ ಶ್ಲೋಕಗಳಲ್ಲಿ ಪೋಣಿಸಿದವನು ಅವನೇ, ನಿಜ. ಆದರೆ ಅವನ ನಿಘಂಟು ಅಮರಕೋಶದ ಗಿರಾಕಿ ಕವಿ. ಛಂದಸ್ಸಿನಲ್ಲಿ ಎರಡು ಮಾತ್ರೆಯ ಜಾಗ ಉಳಿದಿದ್ದರೆ ಅವನಿಗೆ ಜಲ ಬೇಕು, ಮೂರು ಉಳಿದಿದ್ದರೆ ವಾರಿ, ಐದು ಉಳಿದಿದ್ದರೆ ಪಾನೀಯ. ಅದು ಅಳತೆಯ ವ್ಯವಹಾರ. ಹತ್ತನೆಯ ತರಗತಿಯ ಹುಡುಗಿ ಕಾವ್ಯ ಕಟ್ಟುತ್ತಿಲ್ಲ, ಹೋಟೆಲಿನಲ್ಲಿ ಬಾಯಾರಿ ಕೂತಿದ್ದಾಳೆ. ‘ಒಂದು ಲೋಟ ವಾರಿ ಕೊಡಿ’ ಎಂದಳೋ, ಸಪ್ಲೈಯರ್ ಹೋಗಿ ಮಾಲೀಕರನ್ನು ಕರೆತರುತ್ತಾನೆ.

ಪ್ರಮಾಣ ವಿಚಾರ

ನ್ಯಾಯದರ್ಶನ ಒಪ್ಪುವ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಹದಿಹರೆಯದವರ ವಿಷಯದಲ್ಲಿ ಇವು ನಾಲ್ಕೂ ಸೋಲುವುದರಿಂದ ಐದನೆಯದೊಂದನ್ನು ಇಲ್ಲಿ ಪ್ರತಿಪಾದಿಸಲಾಗಿದೆ: ನಗು.

ವಿಧಾನ ಹೀಗೆ. ವಾಕ್ಯದಿಂದ ಒಂದು ಪದವನ್ನು ಎಬ್ಬಿಸಿ, ಆ ಜಾಗದಲ್ಲಿ ಅದರ ‘ಸಮಾನಾರ್ಥಕ’ವನ್ನು ಕೂರಿಸಿ, ತರಗತಿಯಲ್ಲಿ ಗಟ್ಟಿಯಾಗಿ ಓದಿಸಬೇಕು. ಹಿಂದಿನ ಬೆಂಚು ನಕ್ಕರೆ ಅರ್ಥಭೇದ ಸಿದ್ಧವಾಯಿತು. ಆಮೇಲೆ ‘ಯಾಕೆ ನಕ್ಕಿರಿ?’ ಎಂದು ಕೇಳಿ, ಬಂದ ಉತ್ತರವನ್ನು ಕಪ್ಪುಹಲಗೆಯ ಮೇಲೆ ಬರೆದರೆ ಅದೇ ಆ ದಿನದ ಪಾಠ. ಮುಂದಿನ ಬೆಂಚು ನಗುವವರೆಗೆ ಕಾಯಬೇಕಾದ್ದಿಲ್ಲ. ಅವರು ಸಮಚಿಹ್ನೆಯನ್ನು ಉರುಹೊಡೆದು ಬಂದಿರುತ್ತಾರೆ.

ಸೂತ್ರ 1: ಜಲ ಕಚೇರಿಯಲ್ಲಿ, ನೀರು ನಲ್ಲಿಯಲ್ಲಿ

ವೃತ್ತಿ: ಬೆಂಗಳೂರಿನಲ್ಲಿ ಬಿಲ್ಲು ಕಳಿಸುವುದು ಜಲಮಂಡಳಿ. ನಲ್ಲಿಯಲ್ಲಿ ಬರುವುದು, ಬಂದರೆ, ನೀರು. ‘ನಿಮ್ಮ ಮನೆಗೆ ಜಲ ಬಂತಾ?’ ಎಂದು ಪಕ್ಕದ ಮನೆಯವರನ್ನು ಕೇಳುವವರಿಲ್ಲ. ಸಂಸ್ಕೃತದಿಂದ ಬಂದ ಈ ಪದ ಜಲಾಶಯ, ಜಲಪಾತ, ಜಲಸಾರಿಗೆಗಳ ಸಮಾಸದೊಳಗೆ ಸುಖವಾಗಿರುತ್ತದೆ. ಒಂಟಿಯಾಗಿ ಅಡುಗೆಮನೆಗೆ ಕಾಲಿಟ್ಟರೆ ನಾಟಕದ ವೇಷ ಕಳಚದೆ ಬಂದಂತೆ ಕಾಣುತ್ತದೆ.

ತೀರ್ಥವೂ ನೀರೇ. ಗುಡಿಯಲ್ಲಿ ಅಂಗೈಗೆ ಬಿದ್ದರೆ ಪುಣ್ಯ. ‘ತೀರ್ಥ ಹಾಕಿಕೊಂಡು ಬಂದಿದ್ದಾನೆ’ ಎಂದರೆ ಅವನು ಹೋಗಿದ್ದ ಗುಡಿಯೇ ಬೇರೆ. ಇದು ಯಾವ ಪಠ್ಯದಲ್ಲೂ ಇಲ್ಲ, ಆದರೂ ಒಂಬತ್ತನೆಯ ತರಗತಿಯವನಿಗೆ ಚೆನ್ನಾಗಿ ಗೊತ್ತು.

ಸೂತ್ರ 2: ಒಡೆಯುವುದು ಮುರಿಯದು, ಮುರಿಯುವುದು ಹರಿಯದು

ವೃತ್ತಿ: ಇಂಗ್ಲಿಷಿನಲ್ಲಿ ಬ್ರೇಕ್ ಎಂಬುದೊಂದಿದ್ದರೆ ಲೋಟ, ಕೋಲು, ಮಾತು ಎಲ್ಲಕ್ಕೂ ಆಯಿತು. ಕನ್ನಡದಲ್ಲಿ ವಸ್ತುವಿನ ಜಾತಕ ನೋಡದೆ ಕ್ರಿಯಾಪದ ಹಚ್ಚುವಂತಿಲ್ಲ. ಗಾಜು, ಮಡಕೆ, ತೆಂಗಿನಕಾಯಿ ಒಡೆಯುತ್ತವೆ. ಕೋಲು, ಕುರ್ಚಿಯ ಕಾಲು, ಮೂಳೆ ಮುರಿಯುತ್ತವೆ. ಬಟ್ಟೆ, ಕಾಗದ ಹರಿಯುತ್ತವೆ. ಹಾಲು ದ್ರವವಾಗಿದ್ದೂ ಒಡೆಯುತ್ತದೆ. ಮದುವೆಯ ಮಾತುಕತೆ ಮುರಿದುಬೀಳುತ್ತದೆ, ಕೂಡುಕುಟುಂಬ ಒಡೆಯುತ್ತದೆ. ಕೊಟ್ಟ ಮಾತನ್ನು ಮುರಿಯುವವರು ಒಗಟನ್ನು ಮಾತ್ರ ಒಡೆಯಬೇಕಾಗುತ್ತದೆ.

ಪ್ರಯೋಗ: ‘ಅರ್ಚಕರು ತೆಂಗಿನಕಾಯಿ ಹರಿದು ಮಂಗಳಾರತಿ ಎತ್ತಿದರು.’ ಹಿಂದಿನ ಬೆಂಚು ನಕ್ಕಿತು. ಸಿದ್ಧ.

ಅಪವಾದ: ಬಳೆ. ಗಾಜಿನದೇ ಆದರೂ ಅಜ್ಜಿಯ ಎದುರು ಅದು ಒಡೆಯುವಂತಿಲ್ಲ, ‘ಹೆಚ್ಚುತ್ತದೆ’. ಅದೇ ಅಜ್ಜಿ ಅಡುಗೆಮನೆಯಲ್ಲಿ ಬೀನ್ಸನ್ನೂ ಹೆಚ್ಚುತ್ತಾಳೆ, ಅದೇ ಸಂಜೆ ಮಂಡಿನೋವೂ ಹೆಚ್ಚುತ್ತದೆ. ದೀಪವನ್ನು ಆರಿಸು ಎನ್ನಬಾರದು, ‘ದೊಡ್ಡದು ಮಾಡು’ ಎನ್ನಬೇಕು. ಇದನ್ನು ಕೇಳಿ ಮೊಮ್ಮಗ ಬತ್ತಿಯನ್ನು ಇನ್ನಷ್ಟು ಎತ್ತರಿಸಿದರೆ ನಿಘಂಟು ಅವನ ಪರವೇ ಸಾಕ್ಷಿ ಹೇಳುತ್ತದೆ. ಅಶುಭ ಬಾಯಿಂದ ಬೀಳಬಾರದೆಂಬ ಎಚ್ಚರವೇ ಇಲ್ಲಿನ ಕಾರಣ. ಆ ಎಚ್ಚರದಿಂದಲೇ ಹೊರಟ ನೆಂಟರು ‘ಹೋಗ್ತೀವಿ’ ಎನ್ನದೆ ‘ಬರ್ತೀವಿ’ ಎನ್ನುತ್ತಾರೆ. ಅಷ್ಟಂದು ಬಾಗಿಲಲ್ಲಿ ಇನ್ನೂ ಅರ್ಧ ಗಂಟೆ ನಿಲ್ಲುತ್ತಾರೆ.

ಸೂತ್ರ 3: ‘ಹಾಕು’ ಸರ್ವಭಕ್ಷಕ

ವೃತ್ತಿ: ಸೀರೆ ಉಡಬೇಕು, ಅಂಗಿ ತೊಡಬೇಕು, ಹೂ ಮುಡಿಯಬೇಕು, ಚಪ್ಪಲಿ ಮೆಟ್ಟಬೇಕು, ಶಾಲು ಹೊದೆಯಬೇಕು, ಪೇಟ ಸುತ್ತಬೇಕು, ಕುಂಕುಮ ಇಡಬೇಕು, ವಾಚು ಕಟ್ಟಬೇಕು. ಉಡುವುದು ಮೈಗೆ ಸುತ್ತಿಕೊಳ್ಳುವಂಥದ್ದನ್ನು, ತೊಡುವುದು ಕೈಯೋ ಕಾಲೋ ತೂರಿಸುವಂಥದ್ದನ್ನು. ‘ಉಡುಗೆ ತೊಡುಗೆ’ ಎಂಬ ಜೋಡುಮಾತಿನಲ್ಲಿ ಎರಡಕ್ಕೂ ಬೇರೆ ಬೇರೆ ಕೆಲಸವಿತ್ತು. ಈಗ ಸೀರೆ, ಅಂಗಿ, ಹೂ, ಚಪ್ಪಲಿ, ವಾಚು ಎಲ್ಲವನ್ನೂ ‘ಹಾಕ್ಕೊಂಡು’ ಹೊರಡುವುದಾಗಿದೆ. ಇದಕ್ಕೆ ಹದಿಹರೆಯದವರನ್ನಷ್ಟೇ ಹೊಣೆ ಮಾಡುವುದು ಅನ್ಯಾಯ. ದೂರು ಕೊಟ್ಟ ಜಗಲಿಯವರು ಕೂಡ ಈಚೆಗೆ ಪಂಚೆ ‘ಹಾಕ್ಕೊಂಡೇ’ ಕೂತಿರುತ್ತಾರೆ.

ಆದರೆ ‘ಹಾಕು’ವಿಗೂ ಸೂಕ್ಷ್ಮವಿದೆ. ಟೋಪಿ ಹಾಕಿಕೊಂಡವನಿಗೆ ಬಿಸಿಲಿನಿಂದ ರಕ್ಷಣೆ. ಟೋಪಿ ಹಾಕಿದವನು ಮೋಸಗಾರ. ಟೋಪಿ ಹಾಕಿಸಿಕೊಂಡವನು ಠಾಣೆಯಲ್ಲಿ ದೂರು ಬರೆಯುತ್ತಿದ್ದಾನೆ. ಟೋಪಿ ಅದೇ, ಧಾತುವೂ ಅದೇ. ‘ಕೊಳ್ಳು’ ಮತ್ತು ‘ಇಸು’ ಸೇರಿ ಒಬ್ಬನನ್ನು ಮನೆಗೂ ಇನ್ನೊಬ್ಬನನ್ನು ಠಾಣೆಗೂ ಕಳಿಸುತ್ತವೆ.

ಸೂತ್ರ 4: ಮುನಿಸಿಗೆ ಪ್ರೀತಿಯೇ ಮುಂಗಡ

ವೃತ್ತಿ: ಸಿಟ್ಟು ಯಾರ ಮೇಲೆ ಬೇಕಾದರೂ ಬರಬಹುದು, ಕೆಟ್ಟುಹೋದ ಮಿಕ್ಸಿಯ ಮೇಲೂ. ಕೋಪ ಅದಕ್ಕಿಂತ ತುಸು ಇಸ್ತ್ರಿ ಮಾಡಿದ್ದು. ಋಷಿಗಳಿಗೆ ಬರುವುದು ಹೆಚ್ಚಾಗಿ ಅದೇ. ರೋಷಕ್ಕೆ ಎದುರಾಳಿ ಬೇಕು. ಮುನಿಸಿಗೆ ಮಾತ್ರ ಮೊದಲು ಸಲಿಗೆ ಇರಬೇಕು, ಬಂದು ಸಮಾಧಾನ ಮಾಡುತ್ತಾರೆಂಬ ನಿರೀಕ್ಷೆಯೂ ಇರಬೇಕು. ಆಷಾಢ ಒಣಗಿದಾಗ ಪತ್ರಿಕೆಗಳು ‘ಮಳೆಯ ಮುನಿಸು’ ಎಂದು ಬರೆಯುವುದು ರೈತನಿಗೂ ಮಳೆಗೂ ಹಳೆಯ ನಂಟಿರುವುದರಿಂದ.

ಪ್ರಯೋಗ: ‘ದಂಡ ಹಾಕಿದ ಟ್ರಾಫಿಕ್ ಪೊಲೀಸರ ಮೇಲೆ ಚಿಕ್ಕಪ್ಪ ಮುನಿಸಿಕೊಂಡರು.’ ಈ ಸಲ ಮೇಷ್ಟ್ರೂ ನಕ್ಕರು.

ದೇಶಭೇದ ಪ್ರಕರಣ

ಮೈಸೂರಿನ ಕಡೆಯ ಹುಡುಗ ಧಾರವಾಡದ ಹಾಸ್ಟೆಲಿಗೆ ಸೇರಿ, ಬೆಳಗ್ಗೆ ಎದ್ದು ಪಕ್ಕದ ಕೋಣೆಯವನನ್ನು ಆದರದಿಂದ ‘ತಿಂಡಿ ಆಯ್ತಾ?’ ಎಂದು ಕೇಳಿದನೆನ್ನೋಣ. ಅವನ ತಿಂಡಿ ಇಡ್ಲಿ. ಉತ್ತರ ಕರ್ನಾಟಕದಲ್ಲಿ ತಿಂಡಿ ಎಂದರೆ ತುರಿಕೆ, ಜಗಳಕ್ಕೆ ಕೈ ತುರಿಸುವ ಚಪಲವೂ ಹೌದು. ಬೆಳಗಿನ ಫಲಾಹಾರ ಅಲ್ಲಿ ನಾಷ್ಟಾ. ಇಬ್ಬರೂ ಕನ್ನಡಿಗರೇ, ಇಬ್ಬರೂ ಸರಿಯೇ. ಇಲ್ಲಿ ನಗು ಪ್ರಮಾಣವಾಗುವ ಮೊದಲು ತುಸು ಹೊತ್ತು ಮೌನವಿರುತ್ತದೆ.

ಸಿದ್ಧಾಂತ

ಇಷ್ಟಕ್ಕೂ ಈ ವಯಸ್ಸಿನವರಿಗೆ ಸೂಕ್ಷ್ಮ ತಿಳಿಯದೆಂಬ ಮಾತೇ ನಿಲ್ಲುವುದಿಲ್ಲ. ಗೆಳೆಯನಿಗೆ ‘ಮಗಾ’ ಎನ್ನುವ ಬೆಂಗಳೂರಿನ ಹುಡುಗ ಆಟೋದವರಿಗೆ ‘ಅಣ್ಣಾ’ ಎನ್ನುತ್ತಾನೆ, ಕಂಡಕ್ಟರಿಗೆ ‘ಸಾರ್’ ಎನ್ನುತ್ತಾನೆ. ಅದಲು ಬದಲಾದರೆ ಆಗುವ ಪರಿಣಾಮ ಅವನಿಗೆ ಗೊತ್ತು. ಮೊಬೈಲಿನಲ್ಲಿ ಬಂದ ‘ಸರಿ’ ಒಪ್ಪಿಗೆ, ‘ಸರಿ ಬಿಡು’ ಬೇಸರ, ‘ಆಯ್ತಮ್ಮಾ’ ಬೈಗುಳ ತಪ್ಪಿಸಿಕೊಳ್ಳುವ ಉಪಾಯ ಎಂಬುದನ್ನು ಕ್ಷಣದಲ್ಲಿ ಬಿಡಿಸುವವರಿಗೆ ನಿಂದೆ–ಟೀಕೆ, ಹೆಮ್ಮೆ–ಜಂಬಗಳ ವ್ಯತ್ಯಾಸ ಎಟುಕದೇನು? ಕೊರತೆಯಿರುವುದು ಉದಾಹರಣೆಗಳಲ್ಲಿ. ಪದವನ್ನು ಒಂಟಿಯಾಗಿ ಕೊಟ್ಟು ಅರ್ಥ ಕೇಳುತ್ತಾರೆ. ಅದು ಯಾರ ಜೊತೆ ಓಡಾಡುತ್ತದೆಂದು ಯಾರೂ ತೋರಿಸುವುದಿಲ್ಲ.

ತೋರಿಸಿದ ಹಿರಿಯರು ಇಲ್ಲದಿಲ್ಲ. ಕಿಟ್ಟೆಲ್ 1894ರಲ್ಲಿ ಹೊರತಂದ ನಿಘಂಟಿನಲ್ಲಿ ಪದಗಳ ಪಕ್ಕದಲ್ಲೇ ಗಾದೆಗಳನ್ನೂ ಕೂರಿಸಿದ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಪದಗಳ ಅರ್ಥಕ್ಕೆ ಕಾವ್ಯ, ಶಾಸನಗಳಿಂದ ಸಾಕ್ಷಿ ಕರೆಯುತ್ತದೆ. ಪಾ.ವೆಂ. ಆಚಾರ್ಯರು ‘ಕಸ್ತೂರಿ’ಯಲ್ಲಿ ಪದಗಳ ಹುಟ್ಟುಬೆಳವಣಿಗೆಯನ್ನು ಕತೆಯಂತೆ ಹೇಳಿದರು. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯ ‘ಇಗೋ ಕನ್ನಡ’ದಲ್ಲಿ ಓದುಗರ ಪದಸಂಶಯಗಳಿಗೆ ವರ್ಷಗಟ್ಟಲೆ ಉತ್ತರ ಕೊಟ್ಟರು. ಇವರಲ್ಲಿ ಯಾರೂ ಎರಡು ಅಡ್ಡಗೆರೆ ಎಳೆದು ಕೈತೊಳೆದುಕೊಂಡವರಲ್ಲ.

ಅನುಬಂಧ: ಮಾದರಿ ಪ್ರಶ್ನೆಪತ್ರಿಕೆ

1. ‘ಚಾರ್ಜ್ ಇಲ್ಲದೆ ಮೊಬೈಲ್ ಸತ್ತಿತು’ ಎನ್ನಬಹುದಾದರೆ ‘ಮೊಬೈಲ್ ನಿಧನ ಹೊಂದಿತು’ ಎನ್ನಲು ಏನಡ್ಡಿ? ತಾತ ತೀರಿಕೊಂಡ ಮನೆಯಲ್ಲಿ ಈ ಎರಡರಲ್ಲಿ ಯಾವ ಕ್ರಿಯಾಪದವನ್ನೂ ಯಾಕೆ ಬಳಸುವುದಿಲ್ಲ? (2 ಅಂಕ)

2. ‘ಅವಳಿಗೆ ಧೈರ್ಯ ಜಾಸ್ತಿ’, ‘ಅವಳಿಗೆ ಕೊಬ್ಬು ಜಾಸ್ತಿ’. ಎರಡೂ ಒಬ್ಬಳನ್ನೇ ಕುರಿತ ಮಾತುಗಳು. ಹೇಳಿದವರು ಯಾರು ಯಾರಿರಬಹುದು? (3 ಅಂಕ)

3. ಈ ಪ್ರಬಂಧವನ್ನು ಓದಿದೆ, ಓದಿಬಿಟ್ಟೆ, ಓದಿಹಾಕಿದೆ, ಓದಿನೋಡಿದೆ, ಓದಿಕೊಂಡೆ. ಇವುಗಳಲ್ಲಿ ನೀವು ಮಾಡಿದ್ದು ಯಾವುದು? ಯಾವ ಉತ್ತರಕ್ಕೆ ಪ್ರಬಂಧಕಾರರು ಸಿಟ್ಟಾಗುತ್ತಾರೆ, ಯಾವುದಕ್ಕೆ ಬರೀ ಮುನಿಸಿಕೊಳ್ಳುತ್ತಾರೆ? ಸಕಾರಣವಾಗಿ ವಿವರಿಸಿ. (5 ಅಂಕ)