ಕವರ್ ಮೇಷ್ಟ್ರು

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಬೆಳಬೆಳಿಗ್ಗೆ ಹಿರಿಯರೊಬ್ಬರು ಪ್ಲಾಸ್ಟಿಕ್ ಕವರನ್ನು ಕಂಕುಳಲ್ಲಿ ಅವುಚಿಕೊಂಡು ಬರುತ್ತಿದ್ದರೆ, ಅದರಲ್ಲಿ ಸೊಪ್ಪು ತರಕಾರಿ ಇರಬೇಕು ಅಂದುಕೊಂಡು ಮಾತಾಡಿಸಲು ಹೋಗಬೇಡಿ. ನಿಮಗೆ ಬಿ.ಪಿ. ಇದೆಯೇ, ಇದ್ದರೆ ಎಷ್ಟು ವರ್ಷದಿಂದ, ರೇಷನ್ ಕಾರ್ಡು ಬಿಪಿಎಲ್ಲೋ ಎಪಿಎಲ್ಲೋ ಎಂದು ಜಾತಕ ಬಿಚ್ಚಿ ಕೂರಿಸುತ್ತಾರೆ. ಆ ಕವರಿನಲ್ಲಿರುವುದು ಆಧಾರ್ ಜೆರಾಕ್ಸು, ಪಿಂಚಣಿ ಪುಸ್ತಕ, ಹನ್ನೊಂದು ವಿಮಾ ಕಂಪನಿಗಳ ಕರಪತ್ರ, ಒಂದು ಭೂತಕನ್ನಡಿ. ವಿಮೆಯವರ ಬಾಯಲ್ಲೂ ‘ಕವರ್’ ಇರುವುದರಿಂದ ಊರು ಅವರಿಗೆ ಕವರ್ ಮೇಷ್ಟ್ರು ಎಂದೇ ನಾಮಕರಣ ಮಾಡಿದೆ.

ನಿವೃತ್ತ ಹೆಡ್‌ಮೇಷ್ಟ್ರು. ನಿವೃತ್ತಿಯಾದ ವಾರದಿಂದ ಆರೋಗ್ಯ ವಿಮೆಯ ಅಧ್ಯಯನ ನಡೆದಿದೆ. ಮದುವೆ ಚಿಂತಾಮಣಿಯಲ್ಲಿರಲಿ, ತಿಥಿ ಗೌರಿಬಿದನೂರಿನಲ್ಲಿರಲಿ, ಕವರ್ ಜೊತೆಗೇ ಹೊರಡುತ್ತದೆ. ಸಾವಿರ ಅಡಿ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಸವೆದ ಮಂಡಿಗಳು ನಮ್ಮ ಜಿಲ್ಲೆಯಲ್ಲಿ ಮನೆಗೆರಡು ಸಿಗುತ್ತವೆ. ಹಾಗಾಗಿ ಕೇಳುಗರಿಗೆ ಕೊರತೆಯಿಲ್ಲ.

ಅವರ ನೆಚ್ಚಿನ ಸಂಕಟ ಸಂಜೀವಿನಿಯದು. “ಹನುಮಂತನಿಗೆ ಒಂದೇ ಸಂಜೀವಿನಿ ಕಣಯ್ಯ, ಅದನ್ನೇ ಗುರುತು ಹಿಡಿಯಲಾರದೆ ಬೆಟ್ಟ ಹೊತ್ತು ತಂದ. ನನಗೆ ಮೂರು! ಜ್ಯೋತಿ ಸಂಜೀವಿನಿ ಅಂತ ಬಂತು, ನೌಕರಿಯಲ್ಲಿರೋವರೆಗೆ. ಕರ್ನಾಟಕ ಆರೋಗ್ಯ ಸಂಜೀವಿನಿ ಅಂತ 2025ರ ಅಕ್ಟೋಬರಿನಲ್ಲಿ ಜಾರಿಗೆ ಬಂತು, ಸೇವೆಯಲ್ಲಿರೋ ನೌಕರರಿಗೆ ಅಂತಲೇ. ಇನ್ನು ಎಲ್ಲ ಕಂಪನಿಗಳೂ ಮಾರೋ ಆರೋಗ್ಯ ಸಂಜೀವನಿ, 2020ರದ್ದು. ಅದು ಯಾರಿಗೆ ಬೇಕಾದ್ರೂ ಸಿಗುತ್ತೆ, ಆದರೆ ಬಿಲ್ಲಿನಲ್ಲಿ ನೂರಕ್ಕೆ ಐದು ನಮ್ಮ ಜೇಬಿನದು.” ಹೆಸರು ಒಂದೇ, ಬೇರು ಬೇರೆ ಬೇರೆ ಎಂದು ಕವರನ್ನು ಬೆಟ್ಟದಂತೆ ಮೇಲೆತ್ತಿ ತೋರಿಸುತ್ತಾರೆ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹೊರಗೆ ಒಬ್ಬ ರೈತನಿಗೆ ಅವರು ಕಾಯುವ ಅವಧಿಯ ಪಾಠ ಮಾಡಿದ್ದನ್ನು ನಾನೇ ಕಂಡಿದ್ದೇನೆ.

“ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕ್ತೀಯೇನಪ್ಪ?”

“ಇಲ್ಲ ಮೇಷ್ಟ್ರೇ, ತಿನ್ನಲ್ಲ.”

“ಪಾಲಿಸೀನೂ ಹಂಗೇ. ತಗೊಂಡ ಮೊದಲ 30 ದಿನ ಒಂದು ಜ್ವರ. ಅಪಘಾತ ಬಿಟ್ಟು ಬೇರೇನೂ ಕೊಡಲ್ಲ. ಕಣ್ಣಿನ ಪೊರೆ, ಮಂಡಿಗೆ ಸಾಮಾನ್ಯವಾಗಿ ಎರಡು ವರ್ಷದ ಜ್ವರ. ನಿನ್ನ ಸಕ್ಕರೆ, ಬಿ.ಪಿ. ಮೊದಲೇ ಇದ್ದದ್ದಲ್ವಾ, ಅದಕ್ಕೆ ಹೆಚ್ಚಂದ್ರೆ ಮೂರು ವರ್ಷ. ಮುಂಚೆ ನಾಲ್ಕಿತ್ತು, 2024ರಲ್ಲಿ ಇಳಿಸಿದರು. ಜ್ವರ ಎದ್ದ ಮೇಲೇ ಸೊಪ್ಪು.”

ರೈತ ಬೀಡಿ ಆರಿಸಿ ಸ್ವಲ್ಪ ಹೊತ್ತು ಯೋಚಿಸಿದ. “ಜ್ವರ ಏಳೋದರೊಳಗೆ ಹುಳಾನೇ ಹೋಗ್ಬಿಟ್ರೆ?”

ಮೇಷ್ಟ್ರು ತಕ್ಷಣ ವಿಷಯ ಬದಲಿಸಿ, ಹೆಂಡತಿ ಡೇರಿಗೆ ಹಾಲು ಹಾಕುತ್ತಾಳೆಯೇ ಎಂದು ಕೇಳಿದರು. ಹಾಕುತ್ತಿದ್ದಳು, ಸಂಘದ ಸದಸ್ಯೆಯೂ ಹೌದು. “ಮತ್ತೆ ಸಹಕಾರ ಸಂಘದೋರ ಯಶಸ್ವಿನಿ ಮಾಡ್ಸೋ! 2018ರಲ್ಲಿ ನಿಂತಿತ್ತು, ಮತ್ತೆ ಶುರುವಾಗಿದೆ. ಹಳ್ಳಿಯಲ್ಲಿ ನಾಲ್ಕು ಜನರ ಮನೆಗೆ ವರ್ಷಕ್ಕೆ 500 ರೂಪಾಯಿ, ಐದು ಲಕ್ಷದವರೆಗೆ.” ಆತ ಬಿಪಿಎಲ್ ಕಾರ್ಡಿನವನು, ಆಯುಷ್ಮಾನ್‌ನಲ್ಲೂ ಅವನ ಕುಟುಂಬಕ್ಕೆ ಐದು ಲಕ್ಷವಿದೆ ಎಂದು ಆಮೇಲೆ ಗೊತ್ತಾಯಿತು. ಮೇಷ್ಟ್ರ ಮುಖದಲ್ಲಿ ಹೊಟ್ಟೆಕಿಚ್ಚು ಕಾಣಿಸಿತು. ಪಿಂಚಣಿದಾರರದು ಎಪಿಎಲ್, ಅವರಿಗೆ ಆಯುಷ್ಮಾನ್‌ನಲ್ಲಿ ಪ್ಯಾಕೇಜಿನ ನೂರಕ್ಕೆ 30ರಷ್ಟು ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ.

ಟಾಪ್-ಅಪ್ ಎಂದರೇನೆಂದು ನನಗೆ ತಿಳಿದದ್ದೂ ಅವರಿಂದಲೇ, ಚಿಂತಾಮಣಿಯ ಛತ್ರವೊಂದರ ಎರಡನೇ ಪಂಕ್ತಿಯಲ್ಲಿ. “ಮೂರು ಲಕ್ಷದ ಪಾಲಿಸಿ ಮೇಲಿನ ಕೆರೆ. ಅದು ತುಂಬಿ ಕೋಡಿ ಬಿದ್ದರೇ ಕೆಳಗಿನ ಕೆರೆಗೆ ನೀರು. ಬರೀ ಟಾಪ್-ಅಪ್ ಆದರೆ ಒಂದೇ ಮಳೆಗೆ ಕೋಡಿ ಬೀಳಬೇಕು. ಸೂಪರ್ ಟಾಪ್-ಅಪ್ ವರ್ಷದ ಮಳೆಯನ್ನೆಲ್ಲ ಕೂಡಿಸಿ ನೋಡುತ್ತೆ. ವಯಸ್ಸಾದೋರಿಗೆ ಅದೇ ಸರಿ, ನಮ್ಮದು ಜಡಿಮಳೆ.” ಇಷ್ಟು ಚೆನ್ನಾಗಿ ಯಾವ ಏಜೆಂಟನೂ ನನಗೆ ಹೇಳಿಲ್ಲ. ಎದುರು ಕೂತವನು ಮಾತ್ರ, ನಮ್ಮ ಕೆರೆಗಳು ಈಗ ತುಂಬುವುದೇ ಬೆಂಗಳೂರಿನ ಬಚ್ಚಲ ನೀರನ್ನು ಶುದ್ಧಮಾಡಿ ಹರಿಸಿದ್ದರಿಂದ, ನಮ್ಮ ರೋಗಿಗಳು ಆ ಕಡೆಗೆ, ಅವರ ನೀರು ಈ ಕಡೆಗೆ ಎಂದು ಗೊಣಗಿ ಪಾಯಸ ಕೇಳಿದ.

ಇಷ್ಟೆಲ್ಲ ತಿಳಿದ ಮೇಷ್ಟ್ರು ಯಾವ ಪಾಲಿಸಿ ಮಾಡಿಸಿದ್ದಾರೆ? ಯಾವುದೂ ಇಲ್ಲ. “ಇನ್ನೂ ಅಧ್ಯಯನ ಮುಗಿದಿಲ್ಲ.” ಹೊಸ ಪಾಲಿಸಿಗಿದ್ದ 65ರ ಅಡ್ಡಗೋಡೆಯನ್ನು 2024ರ ಏಪ್ರಿಲಿನಲ್ಲಿ ತೆಗೆದಾಗ, ಎಷ್ಟಕ್ಕೆ ಕೊಡುತ್ತಾರೋ ನೋಡೋಣ ಎಂದರು; ದರ ಕೇಳಿ ಎರಡು ದಿನ ಮಾತಾಡಲಿಲ್ಲ. 2025ರ ಸೆಪ್ಟೆಂಬರ್ 22ರಂದು ಕಂತಿನ ಮೇಲಿನ ನೂರಕ್ಕೆ 18ರ ಜಿಎಸ್‌ಟಿ ಹೋದಾಗ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದರು. ಉಳಿಸಿದ್ದು ಒಂದು ಪೈಸೆಯೂ ಇಲ್ಲ, ಮೈಸೂರು ಪಾಕಿನ ಖರ್ಚು ಮೇಲೆ ಬಂತು.

ಅವರು ನಿಜವಾಗಿ ಕಾದಿರುವುದು 70 ತುಂಬಿದವರ ವಯ ವಂದನಾ ಕಾರ್ಡಿಗೆ. 2024ರ ಅಕ್ಟೋಬರ್ 29ರಂದು ಕೇಂದ್ರ ಅದನ್ನು ಆರಂಭಿಸಿದಾಗ ಆದಾಯ ಕೇಳುವುದಿಲ್ಲ, ಐದು ಲಕ್ಷ ಎಂದು ಓದಿ ಕುಣಿದರು. ತೊಡಕಿದ್ದದ್ದು ವಯಸ್ಸಿನಲ್ಲಿ. ಹುಡುಗನಾಗಿದ್ದಾಗ ಇವರು ಶಾಲೆಗೆ ಹೋದದ್ದೇ ಎಂಟರ ಮೇಲೆ. ಆಗಿನ ಮೇಷ್ಟ್ರು ಕೈಯನ್ನು ತಲೆಯ ಮೇಲಿಂದ ಬಳಸಿ ಕಿವಿ ಮುಟ್ಟಿಸಿ, ಶಾಲೆಗೆ ಸೇರುವ ವಯಸ್ಸು ಎಂದು ಲೆಕ್ಕ ಹಾಕಿ, ಎಲ್ಲರಂತೆ ಜೂನ್ 1 ಎಂದು ಬರೆದುಬಿಟ್ಟರು. ಅದರಿಂದ ಇವರಿಗೆ ಎರಡು ವರ್ಷ ಚಿಲ್ಲರೆ ಹೆಚ್ಚು ಸಂಬಳ ಬಂತು. ಆ ಗುರುವಿನ ಫೋಟೋಕ್ಕೆ ವರ್ಷವೂ ಹಾರ. ಈಗ ಹೆತ್ತವಳ ಲೆಕ್ಕದಲ್ಲಿ 72, ಆಧಾರಿನಲ್ಲಿ 69. ಈ ವರ್ಷ ಫೋಟೋ ಧೂಳು ಹಿಡಿದಿದೆ.

ಅಷ್ಟರಲ್ಲಿ ಕಣ್ಣಿಗೆ ಪೊರೆ ಬಂತು. ಭೂತಕನ್ನಡಿಗೂ ಕಂಪನಿಗಳ ಸಣ್ಣಕ್ಷರ ನಿಲುಕದಾಯಿತು. ಹೆಂಡತಿ ಜಗಳವಾಡಿ ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದ ಉಚಿತ ಆಸ್ಪತ್ರೆಗೆ ಹೊರಡಿಸಿದರು, ನಾನೂ ಹೋದೆ. ಮೇಷ್ಟ್ರು ಕವರ್ ತೆಗೆದು ಕಾಗದಗಳನ್ನು ತೊಡೆಯ ಮೇಲೆ ಜೋಡಿಸಿಕೊಂಡರು. ಬಿಲ್ ಕಟ್ಟುವ ಕಿಟಕಿಯನ್ನು ಹುಡುಕಿ ಒಂದು ಸುತ್ತು ಬಂದರು. “ಕ್ಯಾಶ್‌ಲೆಸ್ಸೋ, ಆಮೇಲೆ ವಾಪಸ್ ಕೊಡ್ತಾರೋ?” ಎಂದು ಅಲ್ಲಿದ್ದ ಸ್ವಯಂಸೇವಕಿಯನ್ನು ಕೇಳಿದರು.

“ದುಡ್ಡೇ ತಗೊಳ್ಳಲ್ಲ ತಾತ.”

ಮೇಷ್ಟ್ರು ಕಾಗದಗಳನ್ನು ಒಂದೊಂದಾಗಿ ಕವರಿಗೆ ಮರಳಿಸಿದರು. ಬಿಡಿಸಲು ಒಂದು ಗಂಟೂ ಇಲ್ಲದ ಲೆಕ್ಕ ಕೊಟ್ಟರೆ ಗಣಿತದ ಮೇಷ್ಟ್ರ ಮುಖ ಹೇಗಾದೀತೋ ಹಾಗಿತ್ತು ಮುಖ. ಹುಡುಗಿ ಚೀಟಿ ಬರೆಯುತ್ತ ವಯಸ್ಸು ಕೇಳಿದಳು.

“ಎಪ್ಪತ್ತೆರಡು ಬರ್ಕೊಳ್ಳಮ್ಮ” ಎಂದರು ಹೆಂಡತಿ.

“ಏಯ್, ಸುಮ್ನಿರೇ! ಅರವತ್ತೊಂಬತ್ತಮ್ಮ, ಅರವತ್ತೊಂಬತ್ತು. ಜೂನ್ ಒಂದಕ್ಕೆ ಎಪ್ಪತ್ತು.”