ಕಿವಿಯೊಳಗಿನ ಇಲಿ

ನಿವೃತ್ತ ಫಿಸಿಕ್ಸ್ ಮೇಷ್ಟ್ರ ಕಂಪ್ಯೂಟರಿನಲ್ಲಿ ಒಂದು ಸಂಜೆ ಜಾನಕಿಯಮ್ಮ ಕಾಣೆಯಾದರು. ಎಂಬತ್ತರ ದಶಕದ ಸ್ಟೀರಿಯೊ ಹಾಡು. ಪಿಟೀಲುಗಳಿವೆ, ಬಾವಿಯೊಳಗಿಂದ ಬಂದಂಥ ಪ್ರತಿಧ್ವನಿಯೂ ಇದೆ; ಹಾಡುವವರೇ ಇಲ್ಲ!

ಮೇಷ್ಟ್ರು ಹೆಡ್‌ಫೋನಿನ ಪಿನ್ನನ್ನು ಪೂರ್ತಿ ಒತ್ತಿರಲಿಲ್ಲ. ಎಡಕ್ಕೂ ಬಲಕ್ಕೂ ಸೇರಿದ ಗ್ರೌಂಡ್ ತಾಗದಿದ್ದರೆ ಕಿವಿಗೆ ಬೀಳುವುದು ಎರಡು ಬದಿಯ ಸದ್ದುಗಳ ವ್ಯತ್ಯಾಸವಷ್ಟೇ. ಗಾಯಕಿಯ ದನಿ ಎರಡರಲ್ಲೂ ಸಮ. ಸಮದಲ್ಲಿ ಸಮ ಕಳೆದರೆ ಸೊನ್ನೆ.

ಪಿನ್ ಒತ್ತಿದರು. ಜಾನಕಿಯಮ್ಮ ಬಂದರು, ಹಿಂದೆಯೇ ಒಂದು ಇಲಿಯೂ ಬಂತು. ಮೌಸ್ ಸರಿಸಿದರೆ ಕಿವಿಯಲ್ಲಿ ‘ಕಿರ್ರ್’, ಕೈ ನಿಲ್ಲಿಸಿದರೆ ಗಪ್‌ಚಿಪ್.

ಹೆಡ್‌ಫೋನೇ ಸರಿಯಿಲ್ಲವೆಂದು ಮೇಷ್ಟ್ರು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರು. ‘ಇದು 32 ಓಮ್, ಇದು 250 ಓಮ್. ಸ್ಟುಡಿಯೊದವರು ತಗೊಳ್ಳೋದು ಇದನ್ನೇ ಸಾರ್’ ಎಂದ ಅಂಗಡಿಯವನು. ಜೀವಮಾನವಿಡೀ ಮಕ್ಕಳಿಗೆ ಓಮನ ನಿಯಮ ಉರುಹೊಡೆಸಿದ ಮನುಷ್ಯ, ದೊಡ್ಡ ಅಂಕಿ ಕಂಡದ್ದೇ ತಡ ಪರ್ಸು ತೆಗೆದರು. ರೋಧ ಹೆಚ್ಚಿದ್ದರೆ ಅದನ್ನು ಎಬ್ಬಿಸಲು ವೋಲ್ಟೇಜೂ ಹೆಚ್ಚು ಬೇಕು. ಮನೆಯ ಕಂಪ್ಯೂಟರಿಗೆ ಅಷ್ಟು ತ್ರಾಣವಿರಲಿಲ್ಲ. ವಾಲ್ಯೂಮ್ 100ಕ್ಕೆ ಏರಿಸಿದರೂ ಜಾನಕಿಯಮ್ಮ ಪಕ್ಕದ ಬೀದಿಯಲ್ಲಿ ಹಾಡುತ್ತಿದ್ದರು. ಇಲಿ ಅಲ್ಲೇ ಇತ್ತು.

‘ಮಾವ, ಹಿಂದಿನ ತೂತಿಗೆ ಹಾಕಿ ನೋಡಿದ್ರಾ?’ ಎಂದ ಸೋದರಳಿಯ, ಫೋನಿನಲ್ಲಿ.

ಮೇಷ್ಟ್ರು ಟಾರ್ಚ್ ಹಿಡಿದು ಮೇಜಿನ ಕೆಳಗೆ ತೂರಿದರು. ಅಲ್ಲಿ ಧೂಳಿನ ಉಂಡೆಗಳು, ಎಂದೋ ಕಳೆದ ಪೆನ್ನಿನ ಕ್ಯಾಪು, ಮದರ್‌ಬೋರ್ಡಿಗೇ ಅಂಟಿಕೊಂಡ ಹಸಿರು ತೂತು. ಮುಂದಿನ ತೂತಿನ ತಂತಿ ಕ್ಯಾಬಿನೆಟ್ಟಿನ ಹೊಟ್ಟೆಯೊಳಗೆ ಗ್ರಾಫಿಕ್ಸ್ ಕಾರ್ಡು, ಫ್ಯಾನುಗಳನ್ನು ಸವರಿಕೊಂಡು ಬರುವಾಗ ಅವುಗಳ ಗದ್ದಲವನ್ನೆಲ್ಲ ಹೊತ್ತು ತರುತ್ತಿತ್ತು, ಮದುವೆಮನೆಯಿಂದ ಚಾಡಿ ಹೊತ್ತು ಬರುವ ನೆಂಟರ ಹಾಗೆ. ಹಸಿರು ತೂತಿನಲ್ಲಿ ಇಲಿ ಮುಕ್ಕಾಲು ಪಾಲು ಸತ್ತಿತು. ಉಳಿದ ಕಾಲು ಪಾಲಿಗೆ ಅಳಿಯ ಹೆಬ್ಬೆರಳಿನಷ್ಟುದ್ದದ ಯುಎಸ್‌ಬಿ ಡ್ಯಾಕ್ ಕಳಿಸಿಕೊಟ್ಟ. ಅಂಕಿಗಳನ್ನು ಸದ್ದಾಗಿಸುವ ಕೆಲಸ ಇದರಲ್ಲಿ ಕ್ಯಾಬಿನೆಟ್ಟಿನ ಹೊರಗೇ ನಡೆಯುತ್ತದೆ. 250 ಓಮ್ ಅಟ್ಟ ಸೇರಿತು. ಹಳೆಯ 32 ಮರಳಿ ತಲೆಗೇರಿತು. ಅದರ ಮೆತ್ತೆ ಹರಿದು ಗಾಳಿಯಾಡುತ್ತಿದ್ದುದರಿಂದ ಮೃದಂಗದ ಗುಂಕಾರವೆಲ್ಲ ಸೋರಿಹೋಗುತ್ತಿತ್ತು. ಹೊಸ ಮೆತ್ತೆ ಹಾಕಿದ ಮೇಲೆ ತೊಪ್ಪಿಯ ಪೆಟ್ಟು ಎದೆಗೇ ತಾಗಿತು.

ಈಗ ಎಲ್ಲವೂ ಕೇಳಿಸುತ್ತದೆ, ಸ್ವಲ್ಪ ಹೆಚ್ಚೇ. ಮೊನ್ನೆ, ಮೈಸೂರಿನ ಬಿಡಾರಂ ಕೃಷ್ಣಪ್ಪ ರಾಮಮಂದಿರದಲ್ಲಿ ತಾವೇ ಟೇಪ್ ಮಾಡಿಕೊಂಡಿದ್ದ ಕಛೇರಿಯೊಂದನ್ನು ಹಾಕಿದರು. ಆಲಾಪನೆಯ ನಡುವೆ ಯಾರೋ ಜೋರಾಗಿ ಕೆಮ್ಮಿದರು. ಮೇಷ್ಟ್ರು ಹಿಂದೆ ಸರಿಸಿ ಮತ್ತೆ ಕೇಳಿದರು. ಮೂರನೆಯ ಸಲಕ್ಕೆ ಹೆಡ್‌ಫೋನ್ ಕಿತ್ತು ಅಡುಗೆಮನೆಗೆ ಓಡಿದರು.

‘ಲೇ, ಆ ಕೆಮ್ಮು ನಂದೇ ಕಣೇ!’

‘ಗೊತ್ತು. ಪಕ್ಕದಲ್ಲೇ ಕೂತಿದ್ದೆನಲ್ಲ’ ಎಂದರು ಹೆಂಡತಿ, ಒಗ್ಗರಣೆಗೆ ಸಾಸಿವೆ ಹಾಕುತ್ತಾ.